ಬೆಳಗದ ಕಿರುತಟ್ಟೆ

ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಹೋಗಿಲ್ಲ. ನಮ್ಮ ಮನೆಯಲ್ಲಿ ಉಳಿದಿರುವುದೇ ನಾವಿಬ್ಬರು. ಹೋದವನು ನಾನಾಗಿದ್ದರೆ ಬರೆಯುತ್ತಿರಲಿಲ್ಲ, ನೀನಾಗಿದ್ದರೆ ಓದುತ್ತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಇದೇ ನನ್ನ ಮೊದಲ ಕಾಗದ. ತಡವಾಯಿತು, ಕ್ಷಮಿಸು. ನಾಳೆ ಬರೆಯೋಣ ಅಂದುಕೊಳ್ಳುತ್ತಿದ್ದೆ. ಈ ನಾಳೆ ಎಂಬ ಬಾಡಿಗೆದಾರ ಒಮ್ಮೆ ಒಳಗೆ ಬಂದರೆ ಖಾಲಿ ಮಾಡುವುದೇ ಇಲ್ಲ. ನಿನ್ನ ಫೋನ್ ನಂಬರ್ ಬದಲಾಗಿದೆ, ಹೊಸದು ನನ್ನ ಬಳಿ ಇಲ್ಲ. ಹಾಗಾಗಿ ಅಂಚೆಯಣ್ಣನೇ ಗತಿ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು.

ಮೊನ್ನೆ ಬಸ್‌ಸ್ಟಾಪಿನಲ್ಲಿ ಚಿಕ್ಕಮ್ಮನ ಮಗ ಸಿಕ್ಕಿದ್ದ. "ಗೊತ್ತಲ್ವಾ? ಅಕ್ಕಂಗೆ ಪಿತ್ತಕೋಶದಲ್ಲಿ ಕಲ್ಲಂತೆ. ಮುಂದಿನ ತಿಂಗಳು ಆಪರೇಷನ್ನು" ಅಂದ. "ಗೊತ್ತು, ಗೊತ್ತು" ಅಂದೆ. ಗೊತ್ತಿರಲಿಲ್ಲ. ಕಲ್ಲು ಇರುವುದು ಪಿತ್ತಕೋಶದಲ್ಲಿ, ಎದೆಯಲ್ಲಲ್ಲ ಎಂದು ಕೇಳಿ ಒಂದು ಬಗೆಯ ಸಮಾಧಾನವೂ ಆಯಿತೆನ್ನು.

ಅಕ್ಕಾ, ಆ ಆಪರೇಷನ್ನಿಗೆ ಮೊದಲು ನೀನು ಒಂದು ರಕ್ತಪರೀಕ್ಷೆ ಮಾಡಿಸಲೇಬೇಕು. ಈ ಕಾಗದದ ತಿರುಳು ಇಷ್ಟೇ. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿದೆ. ರೋಗಿಯ ರಕ್ತ ಪರೀಕ್ಷಿಸುವಾಗ ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವನ್ನೂ ಇಡಬೇಕು, ಅಳತೆಗೋಲಿನ ಹಾಗೆ. ಇಷ್ಟು ವರ್ಷ ಆ ಅಳತೆಗೋಲು ನಮ್ಮ ಗುಮಾಸ್ತರು. ಗುಂಡಗಿನ ಮನುಷ್ಯ, ತೋಳು ಮಡಚಿ ಕೂತರೆ ಸನ್ಮಾನಕ್ಕೆ ಕೂತ ಹಾಗೆ ಇರುತ್ತಿತ್ತು. ಅವರು ನಿವೃತ್ತರಾದರು. ನಮ್ಮ ಟೆಕ್ನಿಷಿಯನ್ ಹುಡುಗಿ, ವಯಸ್ಸಿನಲ್ಲಿ ನನಗಿಂತ ಕಿರಿಯಳು, ಗದರುವುದರಲ್ಲಿ ಹಿರಿಯಳು, ಸೂಜಿ ಹಿಡಿದು ಬಂದಳು. "ಸರ್, ಇವತ್ತು ನೀವೇ ಆರೋಗ್ಯವಂತರು. ಕೈ ಕೊಡಿ."

"ಕೈ ಕೊಡೋದು ನನ್ನ ಅಭ್ಯಾಸ ಅಲ್ಲಮ್ಮ."

"ಜೋಕ್ ಆಮೇಲೆ. ಮುಷ್ಟಿ ಬಿಗಿ ಮಾಡಿ."

ನಾವು ನೋಡುವುದು ಪ್ಲೇಟ್‌ಲೆಟ್‌ಗಳನ್ನು. ಪಠ್ಯಪುಸ್ತಕ ಅವನ್ನು ಕಿರುತಟ್ಟೆ ಎನ್ನುತ್ತದೆ. ಗಾಯವಾದಾಗ ಮೊದಲು ಓಡಿಬರುವವು ಇವೇ. ಪ್ರತಿ ಕಿರುತಟ್ಟೆಗೂ ಎರಡು ದಾಸ್ತಾನು. ಒಂದು ಅಡುಗೆಮನೆಯ ಡಬ್ಬಿ, ದಿನನಿತ್ಯದ ಉರುವಲಿಗೆ. ಇನ್ನೊಂದು ಬೀಗ ಹಾಕಿದ ಬೀರು: ಕಣ್ಣಿಗೆ ಕಾಣದ ಪುಟ್ಟ ಕಾಳುಗಳು. ಬೀರುವಿನಲ್ಲಿರುವುದು ಮನೆ ಖರ್ಚಿಗಲ್ಲ. ಗಾಯದ ಬಾಯಲ್ಲಿ ಸುರಿಯುವುದಕ್ಕೆ. ಎರಡರ ನಡುವೆ ಹೋಗಿಬರುವುದು ಬಲು ನಿಧಾನ. ಕಣಗಳಿಗೆ ಗುರುತು ಹಾಕಿ ಬಿಟ್ಟು ನೋಡಿದರೆ, ಡಬ್ಬಿಗೆ ಬೇಗನೆ ಸೇರುತ್ತವೆ, ಬೀರುವಿಗೆ ಸೋರಿಕೊಳ್ಳುವ ಹೊತ್ತಿಗೆ ಮರುದಿನವೇ ಆಗಿರುತ್ತದೆ. ಇಲ್ಲಿ ಎರಡು ಕಣಗಳು ಮುಖ್ಯ. ಎಟಿಪಿ ಅಕ್ಕ, ಎಡಿಪಿ ತಮ್ಮ. ತಮ್ಮನಲ್ಲಿ ಒಂದು ರಂಜಕ, ಅಂದರೆ ಫಾಸ್ಫರಸ್, ಕಡಿಮೆ. (ನಮ್ಮಿಬ್ಬರಲ್ಲಿ ಮಾತ್ರ ತಮ್ಮನೇ ಹೆಚ್ಚು ರಂಜಕ.) ಬೀಗ ತೆಗೆದಾಗ ತಮ್ಮ ಹೊರಗೆ ಬಿದ್ದು, ದಾರಿಯಲ್ಲಿ ಹೋಗುವ ಕಿರುತಟ್ಟೆಗಳನ್ನೆಲ್ಲ ಕೂಗಿ ಕರೆಯುತ್ತಾನೆ: ಬನ್ನಿ, ಇಲ್ಲಿ ತೂತಾಗಿದೆ! ಅವನ ಜೊತೆ ಅಕ್ಕನೂ ಹೊರಗೆ ಬಂದಳೋ ಇಲ್ಲವೋ ಎಂದು ತಿಳಿಯಲು ನಾವು ಮಿಂಚುಹುಳುವಿನ ಸತ್ವ ಒಂದು ಹನಿ ಹಾಕುತ್ತೇವೆ. ಅಕ್ಕ ತಾಕಿದರೆ ಅದು ಬೆಳಗುತ್ತದೆ. ಆ ಬೆಳಕನ್ನು ಯಂತ್ರ ಗೆರೆಯಾಗಿ ಬರೆಯುತ್ತದೆ.

ಅವತ್ತು ಒಂದು ಗೆರೆ ಬೆಟ್ಟದ ಹಾಗೆ ಎದ್ದಿತು. ಇನ್ನೊಂದು ಮಲಗಿದ್ದು ಏಳಲೇ ಇಲ್ಲ.

"ಪಾಪ, ರೋಗಿಗೆ ಬೀರು ಖಾಲಿ" ಅಂದೆ.

ಅವಳು ಕೊಳವೆಗಳನ್ನು ತಿರುಗಿಸಿ ನೋಡಿದಳು. "ಸರ್, ಬೆಳಗಿದ್ದು ರೋಗಿದು. ಮಲಗಿರೋದು ನಿಮ್ಮದು."

"ಚೀಟಿ ಅದಲುಬದಲಾಗಿರಬೇಕು."

"ಚೀಟಿ ಅಂಟಿಸಿದ್ದು ನಾನು" ಎಂದಳು, ಆ ದನಿಗೆ ಮೇಲ್ಮನವಿ ಇಲ್ಲ. "ಆಸ್ಪಿರಿನ್ ತಗೊಂಡಿದ್ರಾ? ನೋವಿನ ಮಾತ್ರೆ? ನಿಜ ಹೇಳಿ."

ಏನೂ ಇಲ್ಲ. ಮರುವಾರ ಮತ್ತೆ ರಕ್ತ ತೆಗೆದಳು, ಮತ್ತೆ ಅದೇ. ದೊಡ್ಡ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆವು. ಒಂದೊಂದು ಕಿರುತಟ್ಟೆಯಲ್ಲೂ ಎಳ್ಳು ಚೆಲ್ಲಿದಂತೆ ಕರಿ ಚುಕ್ಕೆಗಳು ಕಾಣಬೇಕು. ನನ್ನವು ತೊಳೆದಿಟ್ಟ ತಟ್ಟೆಗಳು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಇದು ಅದೇ. ಇಪ್ಪತ್ತು ವರ್ಷ ಊರವರ ಬೀರು ತೆಗೆದು ನೋಡಿದವನಿಗೆ ಸ್ವಂತ ಬೀರು ಖಾಲಿ ಎಂದು ಗೊತ್ತಿರಲಿಲ್ಲ. ಡಬ್ಬಿ ಮಾತ್ರ ತುಂಬಿದೆ. ನನ್ನ ಕಿರುತಟ್ಟೆಗಳು ತಮ್ಮ ಪಾಡಿಗೆ ಚೆನ್ನಾಗಿ ಬದುಕುತ್ತವೆ. ಗಾಯವಾದರೆ ಬರುತ್ತವೆ, ಅಂಟಿ ಕೂರುತ್ತವೆ. ಯಾರನ್ನೂ ಕರೆಯುವುದಿಲ್ಲ, ಅಷ್ಟೇ.

ಇದು ವಂಶದಲ್ಲಿ ಬರುವಂಥದ್ದು. ನಿನಗೂ ಬಂದಿರಬಹುದು, ಬಾರದೆಯೂ ಇರಬಹುದು. ಆದರೆ ನೆನಪಿದೆಯಾ, ನಮ್ಮಿಬ್ಬರ ಮೂಗಿನಲ್ಲೂ ಸುಮ್ಮಸುಮ್ಮನೆ ರಕ್ತ ಬರುತ್ತಿತ್ತು. "ನಿಮ್ಮದು ನೀರು ರಕ್ತ ಕಣ್ರೋ" ಎಂದು ಅಮ್ಮ ನಗುತ್ತಿದ್ದಳು. ನೀನು ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ತಲೆ ಬಗ್ಗಿಸಿ, "ಮೂಗು ಹಿಡ್ಕೋ, ಬಾಯಿ ಮುಚ್ಕೋ" ಅನ್ನುತ್ತಿದ್ದೆ. "ಎರಡೂ ಮಾಡಿದ್ರೆ ಸತ್ತೇ ಹೋಗ್ತೀನಿ ಅಕ್ಕಾ" ಅಂತ ನಾನು. ರಕ್ತ ನಿಲ್ಲುವವರೆಗೂ ನಿನ್ನ ಕೈ ನನ್ನ ಕತ್ತಿನ ಮೇಲೇ ಇರುತ್ತಿತ್ತು. ನೀನು ಹಲ್ಲು ಕೀಳಿಸಿಕೊಂಡು ಬಂದ ದಿನ ದಿಂಬಿನ ಹೊದಿಕೆ ಬದಲಿಸಿ ಬದಲಿಸಿ ಅಮ್ಮನಿಗೆ ಸಾಕಾಗಿತ್ತು.

ಆದ್ದರಿಂದ ಆಪರೇಷನ್ ಮಾಡುವ ಡಾಕ್ಟರಿಗೆ ಹೀಗೆ ಹೇಳು: "ನನ್ನ ತಮ್ಮನಿಗೆ ಪ್ಲೇಟ್‌ಲೆಟ್‌ಗಳ ದಾಸ್ತಾನು ಖಾಲಿ, ನನ್ನದನ್ನೂ ನೋಡಿ." ಎಣಿಸಿ ನೋಡಿ ಸರಿಯಾಗಿದೆ ಅಂದರೆ ಒಪ್ಪಬೇಡ. ಎಣಿಕೆಯಲ್ಲಿ ನಾನೂ ಸರಿಯಾಗೇ ಇದ್ದೇನೆ. ಮೊದಲೇ ಗೊತ್ತಾದರೆ ಔಷಧಿ ಇದೆ, ಬೇರೆಯವರ ಪ್ಲೇಟ್‌ಲೆಟ್ ತರಿಸಿಡಬಹುದು, ಭಯವಿಲ್ಲ. ಗೊತ್ತಾಗದೆ ಕೊಯ್ದರೆ ಭಯ. ಮಂಡಿನೋವಿಗೆ ಅಂತ ಆಸ್ಪಿರಿನ್ ನುಂಗುತ್ತಿದ್ದರೆ ಇವತ್ತೇ ಡಾಕ್ಟರಿಗೆ ತಿಳಿಸು. ಪರೀಕ್ಷೆ ನಮ್ಮಲ್ಲೇ ಆಗುತ್ತದೆ. ನಾನು ಇರುವುದು ಬೇಡವಾದರೆ ಆ ದಿನ ರಜೆ ಹಾಕುತ್ತೇನೆ. ನಮ್ಮ ಹುಡುಗಿಯ ಕೈ ಹಗುರ, ಬಾಯಿ ಮಾತ್ರ ಭಾರ.

ನನ್ನ ಸುದ್ದಿ ಹೆಚ್ಚೇನಿಲ್ಲ. ಅದೇ ಕೋಣೆ, ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಸಂಜೆ ಬಂದು ತೊಳೆಯುವುದು ಒಂದೇ ತಟ್ಟೆ, ಒಂದೇ ಲೋಟ. ಒಳ್ಳೆಯ ಜೋಕು ಹೊಳೆದಾಗ ಜೋರಾಗಿ ಹೇಳಿಬಿಡುತ್ತೇನೆ. ಗೋಡೆ ಒಳ್ಳೆಯ ಶ್ರೋತೃ, ಮಧ್ಯೆ ಬಾಯಿ ಹಾಕುವುದಿಲ್ಲ.

ಚಿಕ್ಕವನು ದೊಡ್ಡವರನ್ನು ಹರಸಬಾರದಂತೆ. ಆದರೂ ಹರಸುತ್ತೇನೆ: ನಿನ್ನ ಬೀರು ತುಂಬಿರಲಿ, ನಿನ್ನ ಗೆರೆ ಬೆಟ್ಟದ ಹಾಗೆ ಏಳಲಿ, ಕಲ್ಲು ಒಂದೇ ಹೊರಗೆ ಬರಲಿ.

ಇಂತಿ ನಿನ್ನ,
ಕೆಂಪುಮೂಗ

ತಾ.ಕ.: ನಂಬರ್ ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ ಅಂದೆನಲ್ಲ, ಅದು ಅರ್ಧ ನಿಜ. ಪರೀಕ್ಷೆಯ ಫಲಿತಾಂಶ ಬಂದ ದಿನವೇ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ನಿನ್ನ ಹೊಸ ನಂಬರ್ ಕೇಳಿದ್ದೆ. "ಅಕ್ಕನ್ನ ಕೇಳಿ ಹೇಳ್ತೀನಿ" ಅಂದ. ಆಮೇಲೆ ಅವನೇ ಫೋನ್ ಮಾಡಿ, ತೊದಲುತ್ತಾ, "ಏನಿದ್ರೂ ಬರೀಲಿ, ಫೋನ್ ಬೇಡ ಅಂದ್ರು" ಅಂದ. ಬರೆದಿದ್ದೇನೆ. ನಾವು ಜಗಳವಾಡಿದ ನೆನಪಿಲ್ಲ. ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ನೀನು ಅಳುವಾಗ ನಾನು ಎಲ್ಲಾದರೂ ನಗಿಸಲು ಹೋಗಿದ್ದೆನಾ?

ನನಗೊಂದು ದವಡೆಹಲ್ಲು ಕೀಳಿಸಬೇಕಿದೆ. ರಕ್ತದ ವಿಷಯ ಹೇಳಿದ ಮೇಲೆ ಹಲ್ಲಿನ ಡಾಕ್ಟರು, "ಜೊತೆಗೆ ಒಬ್ಬರು ಇರಲೇಬೇಕು, ಯಾರಿದ್ದಾರೆ?" ಅಂದರು. "ಅಕ್ಕ ಇದ್ದಾಳೆ" ಅಂದೆ. "ಹೊರಗೆ ಕೂತಿದಾರಾ? ಕರೀರಿ ಹಾಗಾದ್ರೆ." ಹೊರಗೆ ಬಂದೆ. ಕುರ್ಚಿಗಳ ಸಾಲನ್ನು ಒಮ್ಮೆ ನೋಡಿ, ಹಾಗೇ ಮೆಟ್ಟಿಲಿಳಿದು ಮನೆಗೆ ಬಂದುಬಿಟ್ಟೆ.

ಹಲ್ಲು ಇನ್ನೂ ಬಾಯಲ್ಲೇ ಇದೆ.