ಗಡುವು ದಾಟಿದ ಕೋಟು

ಅಪ್ಪಾ,

ನೀನು ಹೋದ ಮೇಲೂ ನಾನು ನಡೆಸಿಕೊಂಡು ಬಂದ ನಿನ್ನ ಕೇಸು ಇವತ್ತು ವಜಾ ಆಯಿತು. ನೀನಾಗಿಯೇ ಕೆಲಸ ಬಿಟ್ಟೆ ಎಂಬ ಹೊಲಿಗೆ ಕಾರ್ಖಾನೆಯವರ ಮಾತೇ ಗೆದ್ದಿತು. ಸೂಪರ್‌ವೈಸರ್ ಕಾಲರ್ ಹಿಡಿದು ನಿನ್ನನ್ನು ಹೊರಗೆ ದಬ್ಬಿದಾಗ ಹರಿದ ಕೋಟನ್ನು ನಾನು ಕೋರ್ಟಿನಲ್ಲಿ ಎತ್ತಿ ತೋರಿಸಿದೆ.

"ಸಾಕ್ಷ್ಯ ಒಪ್ಪಿಸೋ ಗಡುವು ಯಾವತ್ತೋ ಮುಗೀತಲ್ಲಮ್ಮ, ಈಗ ನೋಡೋ ಹಾಗಿಲ್ಲ," ಎಂದರು ನ್ಯಾಯಾಧೀಶರು.

ಕೋಟು ಕೊಡಿ ಎಂದು ವಕೀಲರು ಗೋಗರೆದಾಗಲೆಲ್ಲ ನಿನ್ನದು ಒಂದೇ ಹಟ: "ದರ್ಜಿ ಮನೆಯಿಂದ ಹರಿದ ಬಟ್ಟೆ ಹೋದ್ರೆ ನಾಲ್ಕು ಜನ ಏನಂತಾರೆ? ಹೊಲಿದು ಕೊಡ್ತೀನಿ, ತಡೀರಿ." ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನೇ.

ಮನೆಗೆ ಬಂದು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲಿ ಹರಿದಿತ್ತು ಅಪ್ಪಾ? ನನಗೂ ಗೊತ್ತಾಗುತ್ತಿಲ್ಲ.