ಗುಣಮಟ್ಟ ಮಧ್ಯಮ, ಮಹತ್ವ ಕಡಿಮೆ

ಬೈಲಹೊಂಗಲ
೧೪ ನವೆಂಬರ್ ೨೦೦೮

ಸವದತ್ತಿಯ ಗೌರೀಶ ಮಾಸ್ತರ ಅವರಿಗೆ, ದೀಪಾವಳಿಗೆ ಮೂರು ದಿನ ಇರುವಾಗ ನಿಮ್ಮ ಮನೆ ಬಿಟ್ಟು ತವರಿಗೆ ಬಂದ ಹೆಂಡತಿ ನಾಗರತ್ನಾಳ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ಎರಡು ಪುಟದಲ್ಲಿ ನನ್ನ ಆರೋಗ್ಯಕ್ಕೆ ಒಂದು ಸಾಲು, ಅತ್ತೆಯವರ ಮೊಣಕಾಲು ನೋವಿಗೆ ಒಂದು ಸಾಲು, ಉಳಿದದ್ದೆಲ್ಲ ನಿಮ್ಮ ಮುತ್ತಜ್ಜ. ಮರಳಿ ಬಾ ಎಂದಿದ್ದೀರಿ. ಆದರೆ ಬರುವ ಮುಂಚೆ ವಿಶ್ವಕೋಶದಲ್ಲಿ ಮುತ್ತಜ್ಜನ ಮೇಲೆ ನೀವು ಬರೆದ ಲೇಖನದ ಗುಣಮಟ್ಟವನ್ನು ನಾನು 'ಉತ್ತಮ' ಮಾಡಬೇಕು, ಮಹತ್ವವನ್ನು 'ಹೆಚ್ಚು' ಮಾಡಬೇಕು, ಆಗ ಹಿಂದಿನದನ್ನೆಲ್ಲ ಮರೆಯುತ್ತೀರಿ. ಮನೆಯ ಬಾಗಿಲಿಗೆ ಇಂಥ ಬೀಗ ಹಾಕುವ ಬುದ್ಧಿ ಡಬಲ್ ಡಿಗ್ರಿ ಮಾಡಿದವರಿಗೇ ಬರಬೇಕು.

ಅವ್ವನಿಗೆ ಓದಿ ಹೇಳಿದೆ. "ಒಂದೀಟ ಮಾರ್ಕ್ಸ್ ಜಾಸ್ತಿ ಹಾಕಿ ಬಿಡ ತಂಗಿ, ನಿಂದೇನ ಗಂಟ ಹೋಗತೈತಿ? ಸಂಸಾರ ಉಳೀತೈತಿ" ಎಂದಳು. ಅವಳಾದರೂ ಇದನ್ನು ಪ್ರೀತಿಯಿಂದ ಹೇಳಿದಳು.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಅದು ತಲೆಕೆಳಗಾಗಿ ಬಂದಿದೆ. ಮನೆಗೆ ಕಂಪ್ಯೂಟರ್ ತಂದವರು ನೀವು. ಅಂತರಜಾಲದ ವಿಶ್ವಕೋಶದಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ತೋರಿಸಿಕೊಟ್ಟವರೂ ನೀವೇ. ನೀವು ಶಾಲೆಗೆ ಹೋದ ಮೇಲೆ ನಾನು ಏನು ಮಾಡುತ್ತೇನೆಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ನಾನು 'ಎರೆಹೊಲ' ಎಂದು ಹೆಸರಿಟ್ಟುಕೊಂಡು ಊರವರ ಲೇಖನಗಳನ್ನೆಲ್ಲ ಓದುತ್ತಿದ್ದೆ. ಪ್ರತಿ ಲೇಖನಕ್ಕೂ ಒಂದು ಚರ್ಚೆಯ ಪುಟ ಇರುತ್ತದಲ್ಲ, ಅಲ್ಲಿ ಎರಡು ಗುರುತು ಹಾಕುತ್ತಿದ್ದೆ. ಲೇಖನ ಎಷ್ಟು ಚೆನ್ನಾಗಿದೆ ಎನ್ನುವುದಕ್ಕೆ ಒಂದು: ಚುಟುಕು, ಪ್ರಾಥಮಿಕ, ಮಧ್ಯಮ, ಉತ್ತಮ. ಆ ವಿಷಯ ಕರ್ನಾಟಕದ ಓದುಗರಿಗೆ ಎಷ್ಟು ಬೇಕಾದದ್ದು ಎನ್ನುವುದಕ್ಕೆ ಇನ್ನೊಂದು. ಈ ಕೆಲಸಕ್ಕೆ ಯಾರೂ ನನ್ನ ಸರ್ಟಿಫಿಕೇಟ್ ಕೇಳಲಿಲ್ಲ. ನಾನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟದ್ದು ಬಡತನಕ್ಕಲ್ಲ, ಮದುವೆಗೂ ಅಲ್ಲ. ಫಳಿಯ ಮೇಲೆ ಮಾಸ್ತರು ಬರೆದ ತಪ್ಪನ್ನು ತಪ್ಪೆಂದು ಗೊತ್ತಿದ್ದೂ ಕುಳಿತು ಇಳಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಆಮೇಲೆ ನೀವು ಮುತ್ತಜ್ಜ ಮಲಕಾಜಪ್ಪನವರ ಮೇಲೆ ಲೇಖನ ಹಾಕಿದಿರಿ. ಧೀಮಂತ, ಕೊಡುಗೈ ದೊರೆ, ಊರ ಕಣ್ಮಣಿ. ಮೊದಲ ಪ್ಯಾರಾದಲ್ಲೇ ಹದಿನಾಲ್ಕು ವಿಶೇಷಣ ಇದ್ದವು, ಹುಟ್ಟಿದ ವರ್ಷ ಇರಲಿಲ್ಲ. ಬರಗಾಲದಲ್ಲಿ ಅವರೊಬ್ಬರೇ ನಿಂತು ಊರಿಗೆ ಬಾವಿ ಕಟ್ಟಿಸಿಕೊಟ್ಟರು ಎಂದಿರಿ. ಆಧಾರ ಎಂಬಲ್ಲಿ 'ನಮ್ಮ ಮನೆತನದವರು' ಎಂದು ಬರೆದಿದ್ದಿರಿ.

ಕಾರಹುಣ್ಣಿಮೆಗೆ ಮುರಗೋಡದ ಆಚೆಯ ನಿಮ್ಮ ಊರಿಗೆ ಹೋದಾಗ ಅದೇ ಬಾವಿಯ ದಂಡೆಯ ಮೇಲೆ ಮುದುಕಿ ರಾಚವ್ವ ಸಿಕ್ಕಳು. ಇದನ್ನು ತೋಡಿಸಿದ್ದು ಯಾರು ಎಂದು ಕೇಳಿದೆ. "ತೋಡಿದಾಕಿ ನಮ್ಮವ್ವ, ನಮ್ಮ ಓಣಿ ಮಂದಿ. ನಿಮ್ಮ ಮಲಕಾಜಪ್ಪ ಬೇವಿನ ನೆರಳಾಗ ಕುಂತು ಎಲಿಅಡಿಕಿ ಉಗುಳತಿದ್ನಂತ. ಬರೀತಿದ್ರ ಅದನ್ನೂ ಬರಿಯವ್ವಾ" ಎಂದು ನಕ್ಕಳು. ಊರಿಂದ ಬಂದು ಗುರುತು ಹಾಕಿದೆ. ಗುಣಮಟ್ಟ ಚುಟುಕು, ಮಹತ್ವ ಕಡಿಮೆ. ಹೊಗಳಿಕೆ ತೆಗೆಯಿರಿ, ಬಾವಿಗೆ ದಾಖಲೆ ಕೊಡಿ ಎಂದು ಬರೆದೆ.

ಅಂದು ಊಟಕ್ಕೆ ಕುಳಿತು, "ಯಾವನೋ ಧಾರವಾಡದ ಪ್ರೊಫೆಸರ್ ಇರಬೇಕು, ಹೊಟ್ಟಿಕಿಚ್ಚು" ಎಂದು ರೊಟ್ಟಿ ಮುರಿದಿರಿ. ದಾಖಲೆ ಇರಲಿಲ್ಲವೇನೋ ಎಂದೆ. "ನಿನಗೇನ ತಿಳೀತೈತಿ, ಒಂಬತ್ತನೇತ್ತಾ ನಾಪಾಸ. ಪಲ್ಯಾ ಹಾಕ" ಎಂದಿರಿ. ನಾಪಾಸಾಗಿರಲಿಲ್ಲ, ಬಿಟ್ಟಿದ್ದೆ. ಪಲ್ಯ ಹಾಕಿದೆ. ನೀವು ಕೈ ತೊಳೆದು ಎದ್ದುಹೋಗಿ ಕಂಪ್ಯೂಟರಿನಲ್ಲಿ ಬರೆದದ್ದು ನನಗೆ ಬಾಯಿಪಾಠ ಇದೆ: "ಮಾನ್ಯ ಎರೆಹೊಲ ಅವರೇ, ತಮ್ಮಂಥ ವಿದ್ವಾಂಸರು ನನ್ನ ಅಲ್ಪ ಬರವಣಿಗೆಯನ್ನು ಓದಿದ್ದೇ ನನ್ನ ಪುಣ್ಯ. ದಯವಿಟ್ಟು ಮಾರ್ಗದರ್ಶನ ಮಾಡಬೇಕು." ಅಡಿಗೆಮನೆಯಲ್ಲಿ ಹೇಳಿದಾಗ ಕಸವಾದ ಮಾತು ಪರದೆಯ ಮೇಲೆ ಬಂದ ಕೂಡಲೇ ಮಾರ್ಗದರ್ಶನವಾಯಿತು.

ಎರಡನೆಯ ಸಲ ವಿಶೇಷಣಗಳು ಆರಕ್ಕೆ ಇಳಿದವು. 'ಪ್ರಾಥಮಿಕ' ಕೊಟ್ಟೆ. ಮೂರನೆಯ ಸಲ ನೀವು ಕಚೇರಿಗೆ ಅಲೆದು ಬರಗಾಲದ ಕೆಲಸದ ಹಳೆಯ ಹಾಜರಿ ಪಟ್ಟಿ ಹುಡುಕಿ ತಂದಿರಿ. ಬಾವಿ ತೋಡಿದ ನಲವತ್ತಮೂರು ಜನರ ಹೆಸರು ಲೇಖನಕ್ಕೆ ಸೇರಿದವು, ಮುತ್ತಜ್ಜ ಬರೀ ಜಾಗ ಕೊಟ್ಟವರಾದರು. 'ಮಧ್ಯಮ' ಕೊಟ್ಟೆ. ಬಾವಿಯ ಫೋಟೊ ಇಲ್ಲ, ಆದ್ದರಿಂದ 'ಉತ್ತಮ' ಆಗದು ಎಂದು ಬರೆದೆ. ಮೂರೂ ಸಲ ಅರ್ಹತೆ ನೋಡಿಯೇ ಗುರುತು ಹಾಕಿದ್ದೇನೆ, ಬೇರೆ ಯಾವುದನ್ನೂ ನೋಡಿಲ್ಲ.

ಆಮೇಲೆ ನೀವು ಎರೆಹೊಲ ಅವರನ್ನು ಊಟಕ್ಕೆ ಕರೆದಿರಿ. ನಮ್ಮ ಮನೆಯವರು ಎಣ್ಣೆಗಾಯಿ ಬಹಳ ರುಚಿಯಾಗಿ ಮಾಡುತ್ತಾರೆ, ಸವದತ್ತಿಗೆ ಬಂದರೆ ತಪ್ಪದೆ ಬರಬೇಕು ಎಂದಿರಿ. ಎರಡು ವರ್ಷದ ಸಂಸಾರದಲ್ಲಿ ನನ್ನ ಅಡಿಗೆಗೆ ಸಿಕ್ಕ ಮೊದಲ ಹೊಗಳಿಕೆ ಅದು, ಅದೂ ಅಪರಿಚಿತರೆಂದುಕೊಂಡು ಬರೆದ ಸಂದೇಶದಲ್ಲಿ. ಅದರ ಮರುದಿನ ತಾಟಿನ ಮುಂದೆ ಕುಳಿತು ನನ್ನನ್ನೇ ಕೇಳಿದಿರಿ, "ಅವರು ಬರತೇನಿ ಅಂದ್ರ ಯಾವ ದಿವಸ ಕರೀಲಿ?" ಎಂದು. ಕೇಳಿದ ಮೇಲೆ ಬಾಯಲ್ಲಿ ಸುಳ್ಳು ಬರುವುದಿಲ್ಲ ನನಗೆ. "ಅವರು ದಿನಾ ಇಲ್ಲೇ ಉಣ್ಣಾಕ್ಹತ್ತಾರ್ರಿ. ಎರೆಹೊಲ ಅಂದ್ರ ನಾನ" ಎಂದೆ.

ಮೊದಲು ನಕ್ಕವರು ಅತ್ತೆ. "ಏ ಗೌರೀಶಾ, ಹೇಣ್ತಿಗಿ ಮಾನ್ಯರೇ ಅಂತ ಬರದಿದ್ದೀ?" ನೀವು ತಾಟು ಸರಿಸಿದಿರಿ. "ನನ್ನ ಮಾನಾ ಕಳದಿ. ಈಗಿಂದೀಗ ಆ ಮಾರ್ಕು ತಗದು ಛಲೋದ ಹಾಕ, ಇಲ್ಲಾ ನಿಮ್ಮ ಊರ ದಾರಿ ಹಿಡಿ" ಎಂದಿರಿ. ನನಗೆ ಸುಲಭವಾದದ್ದನ್ನು ನಾನು ಮಾಡಿದೆ.

ಲೇಖನದಲ್ಲಿ ಕೊರತೆ ಇದ್ದದ್ದಕ್ಕೆ ನಿಮಗೆ ಸಿಟ್ಟಲ್ಲ, ಅದನ್ನು ಹೇಳಿದವಳು ರೊಟ್ಟಿ ಬಡಿಯುವವಳು ಎನ್ನುವುದಕ್ಕೆ ಸಿಟ್ಟು. ಧಾರವಾಡದ ಪ್ರೊಫೆಸರ್ ಹೇಳಿದ್ದರೆ ಅದನ್ನೇ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಿರಿ. ಸ್ಟಾಫ್ ರೂಮಿನಲ್ಲಿ 'ಉತ್ತಮ' ದರ್ಜೆ ಬಂದೇ ಬರುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದೀರಂತೆ, ಈಗ ದಿನಾ ಕೇಳುತ್ತಾರಂತೆ. ಫಲಿತಾಂಶ ಬರುವ ಮೊದಲೇ ಪೇಢೆ ಹಂಚಿದ ಹುಡುಗನಿಗೆ ನೀವು ಕ್ಲಾಸಿನಲ್ಲಿ ಏನನ್ನುತ್ತೀರಿ? ಅದನ್ನೇ ನಿಮಗೆ ಅಂದುಕೊಳ್ಳಿ.

ಮಹತ್ವ ಕಡಿಮೆ ಎಂದರೆ ಮುತ್ತಜ್ಜ ಕಡಿಮೆಯ ಮನುಷ್ಯ ಎಂದಲ್ಲ, ಬೀದರದ ಓದುಗನಿಗೆ ಅವರು ಬೇಕಾಗುವುದು ಅಪರೂಪ ಎಂದಷ್ಟೇ. ಇದನ್ನು ನಿಮಗೆ ನಾಲ್ಕು ಸಲ ಹೇಳಿದ್ದೇನೆ. ಹತ್ತು ಸಲ ಹೇಳಿದರೂ ತಿಳಿಯದವರನ್ನು ಶಾಲೆಯಲ್ಲಿ ಏನೆಂದು ಕರೆಯುತ್ತಾರೋ ನಿಮಗೇ ಗೊತ್ತು.

ಇನ್ನೊಂದು ಮಾತು. ಆ ಗುರುತನ್ನು ಯಾರು ಬೇಕಾದರೂ ಬದಲಿಸಬಹುದು. ನೀವೇ ಕುಳಿತು 'ಉತ್ತಮ' ಎಂದು ಹಾಕಿಕೊಳ್ಳಬಹುದಿತ್ತು, ಎರಡು ನಿಮಿಷದ ಕೆಲಸ. ಹಾಕಿಕೊಳ್ಳಲಿಲ್ಲ. ಬದಲಿಸಿದವರ ಹೆಸರು ಪುಟದ ಇತಿಹಾಸದಲ್ಲಿ ಹಾಗೇ ಉಳಿಯುತ್ತದೆ, ಅದಕ್ಕೆ ಹೆದರಿದಿರಿ. ಆ ಕೆಲಸಕ್ಕೆ ಹೆಂಡತಿಯ ಕೈ ಬೇಕಾಯಿತು. ಹೊಲಸು ಎತ್ತಲು ಮಾತ್ರ ನಾನು ವಿದ್ವಾಂಸೆ.

ಆದ್ದರಿಂದ ಗುರುತು ಬದಲಾಗುವುದಿಲ್ಲ, ನಾನೂ ಬರುವುದಿಲ್ಲ. ಅತ್ತೆಯವರ ಮೊಣಕಾಲಿಗೆ ಹಚ್ಚುವ ಎಣ್ಣೆ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಬಿಸಿ ಮಾಡಿ ಹಚ್ಚಿರಿ. ಅದನ್ನಾದರೂ ನಿಮ್ಮ ಕೈಯಿಂದಲೇ ಮಾಡಿರಿ.

ಇಂತಿ,
ನಾಪಾಸಾಗದೆ ಶಾಲೆ ಬಿಟ್ಟ
ನಾಗರತ್ನಾ

ತಾ.ಕ.: ನಿನ್ನೆ ಬರೆದಿಟ್ಟಿದ್ದನ್ನು ಇವತ್ತು ಲಕೋಟೆಗೆ ಹಾಕುವ ಮುಂಚೆ ಮತ್ತೆ ಓದಿದೆ. ಇದರಲ್ಲಿ ಒಂದು ಸುಳ್ಳಿದೆ, ಹಾಗೇ ಕಳಿಸಲಾರೆ. ಮೂರನೆಯ ಸಲದ ನಿಮ್ಮ ಲೇಖನ ಉತ್ತಮವೇ ಇತ್ತು. ಆ ನಲವತ್ತಮೂರು ಹೆಸರು ಓದುತ್ತ ಓದುತ್ತ ಒಲೆಯ ಮೇಲೆ ಹಾಲು ಉಕ್ಕಿಹೋದದ್ದು ನನಗೆ ತಿಳಿಯಲಿಲ್ಲ. ಫೋಟೊ ಬರೀ ನೆಪ. 'ಉತ್ತಮ' ಎಂದು ಹಾಕಿಬಿಟ್ಟರೆ ನೀವು ಎರೆಹೊಲಕ್ಕೆ ಬರೆಯುವುದನ್ನು ನಿಲ್ಲಿಸುತ್ತಿದ್ದಿರಿ. ಇದು ಸರಿಯೇ, ಇದನ್ನು ತೆಗೆಯಲೇ, ತಮಗೆ ಏನನ್ನಿಸುತ್ತದೆ ಎಂದು ನೀವು ಕೇಳುತ್ತಿದ್ದ ಪ್ರಶ್ನೆಗಳಿಗಾಗಿ ನಾನು ಮಧ್ಯಾಹ್ನದ ಹಾದಿ ಕಾಯುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ವಾಸೀಮನ ಸೈಬರ್ ಕೆಫೆ ಇದೆ. ಈಗಷ್ಟೇ ಅಲ್ಲಿಗೆ ಹೋಗಿ ಗುಣಮಟ್ಟವನ್ನು 'ಉತ್ತಮ' ಮಾಡಿ, ಬೇಕೆಂದೇ ತಡೆದಿದ್ದೆ ಎಂದು ಎಲ್ಲರಿಗೂ ಕಾಣುವಂತೆ ಬರೆದು ಬಂದಿದ್ದೇನೆ. ಮಹತ್ವ ಕಡಿಮೆಯೇ. ಷರತ್ತು ಅರ್ಧ ತೀರಿತೆಂದು ಕರೆಯಲು ಬರಬೇಡಿ. ಉತ್ತರ ಬರೆಯುವುದಿದ್ದರೆ ನಾಗರತ್ನಾಳಿಗೆ ಬರೆಯಿರಿ, ಎರೆಹೊಲಕ್ಕೆ ಬರೆಯುತ್ತಿದ್ದ ಹಾಗೆ.