ಸಮುದ್ರದ ನೀರು ಬಾರದ ನಲ್ಲಿ

ಗಲ್ ಕೋವ್, ನ್ಯೂಫೌಂಡ್‌ಲೆಂಡ್
ನವೆಂಬರ್ 9, ಭಾನುವಾರ

ಪ್ರೀತಿಯ ಲಿಯಾಂಡರ್,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ನಡುಗಡಲಿನ ಆ ಎಣ್ಣೆಬಾವಿಯ ಮೇಲೆ ಗಾಳಿ ಜೋರಂತೆ. ಉಣ್ಣೆಯ ಅಂಗಿ ತೊಡದೆ ಪೈಪು ಜೋಡಿಸಲು ಹೋಗಬೇಡ. ನಿನ್ನಮ್ಮ ಗಟ್ಟಿಮುಟ್ಟಾಗಿದ್ದಾರೆ. ನಿನ್ನೆಯೂ ಉಪ್ಪುಮೀನು ಬೇಯಿಸಿ ತಂದು, ನಾನು ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಗುರುವಾರ ನಮ್ಮ ಸಂಶೋಧನಾ ಕೇಂದ್ರದ ಹೊಸ ಪ್ರಯೋಗಾಲಯದ ಉದ್ಘಾಟನೆಯಾಯಿತು. ಗೋಡೆಯೆಲ್ಲ ಗಾಜು, ಹೊಳೆಯುವ ಸೂಕ್ಷ್ಮದರ್ಶಕಗಳು, ಮೇಜಿಗೊಂದು ನಲ್ಲಿ. ತಿರುಗಿಸಿದರೆ ಬರುವುದು ಊರಿನ ಕುಡಿಯುವ ನೀರು! ಕಡಲ ತಣ್ಣೀರು ತರುವ ಪೈಪು ಕಟ್ಟಡದ ಅಂದ ಕೆಡಿಸುತ್ತದೆಂದು "ಮುಂದೆ ನೋಡೋಣ" ಅಂದುಬಿಟ್ಟಿದ್ದಾರೆ. ಎರಡು ವರ್ಷ ಬಾಯಿ ಬಡಿದುಕೊಂಡಿದ್ದಕ್ಕೆ ಇದು ಫಲ. ಈಗಲೂ ಸಮುದ್ರದ ನೀರು ಹರಿಯುವುದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಮಾತ್ರ. ಅದನ್ನೂ ಕೆಡವಬೇಕಂತೆ.

ನನ್ನ ತೋಳಮೀನು ಗೊತ್ತಲ್ಲ, ಮೊಟ್ಟೆಯ ಉಂಡೆಯನ್ನು ಮೈಯಿಂದ ಸುತ್ತಿಕೊಂಡು, ಊಟ ಬಿಟ್ಟು ಕಾವಲು ಕೂತ ಗಂಡು? ವರ್ಷಗಟ್ಟಲೆ ಕಾದ ಮೇಲೆ ನಮ್ಮಲ್ಲಿ ಸಿಕ್ಕ ಮೊದಲ ಮೊಟ್ಟೆಗಳು ಅವು. ಅದನ್ನೇ ಹೊಸ ಕಟ್ಟಡದ ಬಾಗಿಲಲ್ಲಿ ಗಾಜಿನ ತೊಟ್ಟಿಯೊಳಗಿಟ್ಟು ಮೆರೆಸುವ ಆಸೆ ನಿರ್ದೇಶಕ ಪೆಲ್ಲಿಗೆ. "ಪೀಪಾಯಿಯಲ್ಲಿ ತಂದ ನೀರು ಬೇಗ ಬೆಚ್ಚಗಾಗತ್ತೆ, ಮೀನು ತಡ್ಕೊಳಲ್ಲ" ಅಂದೆ. "ಅತಿಥಿಗಳು ಇರೋದೇ ಒಂದು ಗಂಟೆ, ಡ್ರುಸಿಲ್ಲಾ. ಅಷ್ಟರಲ್ಲಿ ಏನಾಗ್ಬಿಡತ್ತೆ?" ಅಂದ. ನಾನು ಬಟ್ಟೆ ಬದಲಿಸಲು ಮನೆಗೆ ಬಂದಾಗ ಮೀನು, ಮೊಟ್ಟೆ ಎರಡನ್ನೂ ಸಾಗಿಸಿಯೂ ಬಿಟ್ಟ.

ಹೋಗಿ ನೋಡುತ್ತೇನೆ, ತೊಟ್ಟಿಯ ಸುತ್ತ ಜನ, ಕ್ಯಾಮೆರಾಗಳ ಮಿಂಚು. ಮೀನು ಉಂಡೆಯನ್ನು ಬಿಟ್ಟು, ತನ್ನ ಮೊಟ್ಟೆಗಳನ್ನೇ ಹಲ್ಲಿನಿಂದ ಹರಿಯುತ್ತಿತ್ತು. ಮಂತ್ರಿಗಳ ಭಾಷಣದ ನಡುವೆಯೇ ನುಗ್ಗಿ ಕೈ ಹಾಕಿ ಉಂಡೆಯನ್ನು ಎತ್ತಿಕೊಂಡೆ. ಆಗ, ಸಮಾರಂಭಕ್ಕೆ ನನ್ನೊಡನೆ ಬಂದಿದ್ದ ನಿನ್ನಮ್ಮ ಪೆಲ್ಲಿಯನ್ನು ಕೇಳಿದರು: "ಅಲ್ಲಪ್ಪಾ, ಸಮುದ್ರ ಎದುರಿಗೇ ಬಿದ್ಕೊಂಡಿದೆ. ನಿನ್ನ ನಲ್ಲಿಗೆ ಬರೋಕೆ ಅದಕ್ಕೇನು ನಾಚಿಕೇನಾ?" ಮಂತ್ರಿಗಳು ನಕ್ಕುಬಿಟ್ಟರು. ಪೆಲ್ಲಿಯ ಮುಖ ಕೆಂಪಾಯಿತು. ಪೈಪು ಬರುವವರೆಗೆ ಶೆಡ್ಡು ಮುಟ್ಟುವುದಿಲ್ಲವೆಂದು ಅಷ್ಟೂ ಜನರೆದುರು ಒಪ್ಪಿಕೊಳ್ಳಬೇಕಾಯಿತು.

ಗೆದ್ದೆ ಅನ್ನಬೇಡ. ಅರ್ಧದಷ್ಟು ಮೊಟ್ಟೆಗಳು ಹೋದವು. ಉಳಿದವನ್ನು ಶೆಡ್ಡಿನ ತಣ್ಣೀರಿನಲ್ಲಿಟ್ಟು ನಾವೇ ಸರದಿಯಲ್ಲಿ ಹೊರಳಿಸುತ್ತಿದ್ದೇವೆ. ಅಪ್ಪ ಮೀನು ಮಹಾಶಯ ತೊಟ್ಟಿಯ ಮೂಲೆ ಹಿಡಿದು ಅತ್ತ ತಿರುಗಿಯೂ ನೋಡುತ್ತಿಲ್ಲ. ಅದರ ಮೇಲೆ ಸಿಟ್ಟು ಬರುವುದಿಲ್ಲ. ಪೆಲ್ಲಿಯನ್ನು ನೆನೆದರೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಅಲ್ಲಿನ ಗೆಳೆಯರಿಗೆಲ್ಲ ನನ್ನ ನೆನಪು ಹೇಳು. ಹೊಟ್ಟೆ ತುಂಬ ಊಟ ಮಾಡು, ಸುಖವಾಗಿರು.

ನಿನ್ನ
ಡ್ರುಸಿಲ್ಲಾ

ಮರೆತೆ: ಈ ಸೊಟ್ಟ ಅಕ್ಷರ ನೋಡಿ ನೀನು ಹೆದರಿರಬೇಕು. ಎಡಗೈಯಲ್ಲಿ ಬರೆದಿದ್ದೇನೆ. ಉಂಡೆ ಎತ್ತುವಾಗ ಮೀನು ನನ್ನ ಬಲಗೈಯನ್ನು ಕಚ್ಚಿತು; ಚಿಪ್ಪುಗಳನ್ನೇ ಪುಡಿಮಾಡುವ ದವಡೆ ಅದರದು, ಎರಡು ಬೆರಳಿನ ಮೂಳೆಗಳು ಮುರಿದಿವೆ. ಕೂಡುತ್ತವೆ ಅಂದಿದ್ದಾರೆ ಡಾಕ್ಟರು. ನಿನ್ನಮ್ಮ ದಿನಾ ನನ್ನ ತಲೆ ಬಾಚುತ್ತಾರೆ, ಅಂಗಿಯ ಗುಂಡಿ ಹಾಕುತ್ತಾರೆ. ಆದರೂ, ಲಿಯಾಂಡರ್, ಈ ಸಲ ಇನ್ನೊಂದು ಪಾಳಿಗೆ ಒಪ್ಪಿಕೊಳ್ಳಬೇಡ. ಮನೆಗೆ ಬಾ.